ಅಡ್ಡ ಬಂದವಳು

ಬೆಳಗಿನ ಆರೂವರೆ. ಮಾಚೇನಹಳ್ಳಿಯ ತಿರುವಿನಲ್ಲಿ ಮಂಜು ಇನ್ನೂ ಟಾರಿನ ಮೇಲಿಂದ ಎದ್ದಿಲ್ಲ. ಭದ್ರಾವತಿ ಕಡೆಯಿಂದ ಬಂದ ಬಸ್ಸು ಎಡಬದಿಗೆ ನಿಂತು, ಊಟದ ಡಬ್ಬಿ ಹಿಡಿದ ಹೆಂಗಸರ ಗುಂಪೊಂದನ್ನು ಇಳಿಸಿ ಹೋಗುತ್ತದೆ. ಅವರು ಕೆಲಸ ಮಾಡುವ ಶೆಡ್ಡುಗಳಿರುವುದು ಬಲಬದಿಯ ಓಣಿಯಲ್ಲಿ. ನಡುವೆ ಬಿ.ಎಚ್. ರಸ್ತೆ. ಅದರ ಮೇಲೆ ಅದಿರು, ಬಿದಿರು, ಕಬ್ಬು ಹೇರಿಕೊಂಡ ಲಾರಿಗಳು ಒಂದರ ಬಾಲಕ್ಕೊಂದು.

ಉಚ್ಚಂಗಮ್ಮ ತನ್ನ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತಾಳೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕ್ಯಾರಿಯರ್‌ನಿಂದ ಒಂದು ಕೆಂಪು ಬಟ್ಟೆ ತೆಗೆದು ಕೊಡವುತ್ತಾಳೆ.

"ಏಯ್, ಒಬ್ಬೊಬ್ರೇ ಓಡ್ಬೇಡ್ರೇ. ಕೋಳಿಮರಿಗಳಾ ನೀವು? ನಾನು ಕೈ ಎತ್ತಿದ್ಮೇಲೆ ಎಲ್ಲ ಒಟ್ಟಿಗೆ ಹೊರಡಿ."

ಎತ್ತುತ್ತಾಳೆ. ಕಬ್ಬಿನ ಲಾರಿಯೊಂದು ಕಿರ್ರೆಂದು ನಿಲ್ಲುತ್ತದೆ. ಚಾಲಕ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗುತ್ತಾನೆ, "ಏನಮ್ಮಾ, ಸಾಯೋಕೆ ಬೇರೆ ಗಾಡಿ ಸಿಗ್ಲಿಲ್ವಾ?"

"ಬೇಕಾದಷ್ಟು ಸಿಗ್ತವೆ ಮಾರಾಯ. ನಿನ್ನಷ್ಟು ಚೆನ್ನಾಗಿ ಬ್ರೇಕ್ ಹಿಡಿಯೋರು ಸಿಗಲ್ಲ."

ದಾಟುತ್ತಿರುವ ಹೆಂಗಸರು ನಗುತ್ತಾರೆ. ಅವನಿಗೂ ನಗು ತಡೆಯಲಾಗುವುದಿಲ್ಲ. ಏಳು ಗಂಟೆಯವರೆಗೆ, ಮೂರು ಬಸ್ಸುಗಳ ಜನ ಆಚೆ ಸೇರುವವರೆಗೆ ಇದು ನಡೆಯುತ್ತದೆ. ಇದಕ್ಕೆ ಯಾರೂ ಉಚ್ಚಂಗಮ್ಮನನ್ನು ನೇಮಿಸಿಲ್ಲ. ಅವಳ ನಿಜವಾದ ಕೆಲಸ ಆರಂಭವಾಗುವುದು ಏಳರ ಸೈರನ್ ಕೂಗಿದ ಮೇಲೆ.

ನಲವತ್ತು ದಾಟಿದ ಉಚ್ಚಂಗಮ್ಮ ಎರಕದ ಶೆಡ್ಡೊಂದರಲ್ಲಿ ಕೋರು ಮಾಡುತ್ತಾಳೆ. ಕಬ್ಬಿಣ ಹೊಯ್ಯುವಾಗ ಒಳಗೆ ಟೊಳ್ಳು ಉಳಿಯಲೆಂದು ಇಡುವ ಮರಳಿನ ಅಚ್ಚೇ ಕೋರು. ಸುಡುವ ಮೊದಲು ಅದು ಹಸಿ ರೊಟ್ಟಿಯ ಹಾಗೆ, ಸ್ವಲ್ಪ ಅಲುಗಿದರೂ ಉದುರುತ್ತದೆ. ಅಚ್ಚುಗಳನ್ನು ಹಲಗೆಯ ಮೇಲಿಟ್ಟು ಇಬ್ಬಿಬ್ಬರು ಹೆಂಗಸರು ಒಲೆಯವರೆಗೆ ಹೊರುತ್ತಾರೆ. ಉಚ್ಚಂಗಮ್ಮನ ಹಲಗೆಯ ಇನ್ನೊಂದು ತುದಿಗೆ ಮೊದಲಿನಿಂದಲೂ ಇದ್ದವಳು ಪಕ್ಕದ ಮನೆಯ ಶರಾವತಿ. ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವಳು. ಭದ್ರಾವತಿಯ ಅಂಚಿನ ತಮ್ಮ ಬಡಾವಣೆಯಿಂದ ಇಬ್ಬರೂ ಸೈಕಲ್ಲಿನಲ್ಲೇ ಬರುತ್ತಿದ್ದರು. ಮದುವೆಯಾದ ಹೆಂಗಸರು ಪೆಡಲ್ ತುಳಿದರೆ ಜನ ಬಾಗಿಲಿಗೆ ಬಂದು ನೋಡುವ ಕಾಲ ಅದು. ಶರಾವತಿ ಬೇಕೆಂದೇ ಬೆಲ್ ಬಾರಿಸಿಕೊಂಡು ಹೋಗುತ್ತಿದ್ದಳಂತೆ.

ತೊಂಬತ್ತೊಂಬತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಬಿದ್ದಳು. ಈ ರಸ್ತೆಗೆ ಟಾರಿನ ಮೇಲೆ ಟಾರು ಹಾಕಿ ಹಾಕಿ, ಅಂಚು ಮಣ್ಣಿನಿಂದ ಒಂದು ಗೇಣು ಮೇಲೆದ್ದಿತ್ತು. ಹಿಂದಿನಿಂದ ಬಂದ ಬಸ್ಸು ಒತ್ತರಿಸಿದಾಗ ಶರಾವತಿಯ ಮುಂದಿನ ಚಕ್ರ ಆ ಅಂಚಿನಿಂದ ಜಾರಿತು. ಸೊಂಟದ ಮೂಳೆ ಬಿರುಕು ಬಿಟ್ಟಿತು. ಹಾಸಿಗೆ ಹಿಡಿದವಳು ಏಳಲು ಬೇಸಗೆಯೇ ಬರಬೇಕಾಯಿತು. ಅಷ್ಟರಲ್ಲಿ ಗಂಡ ಅವಳ ಸೈಕಲ್ಲನ್ನು ಅಟ್ಟಕ್ಕೇರಿಸಿದ್ದ. "ಇನ್ನು ಆ ರಸ್ತೆಗೆ ಕಾಲಿಡ್ಬೇಡ" ಎಂದಿದ್ದ. ಅವಳು ಮನೆಯಲ್ಲಿ ಕುಳಿತು ಮುತ್ತುಗದ ಊಟದೆಲೆ ಹಚ್ಚತೊಡಗಿದಳು.

ಉಚ್ಚಂಗಮ್ಮನನ್ನು ಚುಚ್ಚಿದ್ದು ಒಂದು ಮಾತು. ಬಸ್ಸಿನವರು, ಚಹಾದ ಅಂಗಡಿಯವರು, ಕೊನೆಗೆ ನೋಡಲು ಬಂದ ನೆಂಟರು ಕೂಡ ಹೇಳಿದ್ದು ಒಂದೇ: "ಅಡ್ಡ ಬಂದ್ಲಂತೆ."

"ಅವ್ಳು ನೇರವಾಗಿ ಹೋಗ್ತಿದ್ಲು. ಹಿಂದೆ ನಾನೇ ಇದ್ನಲ್ಲ" ಎನ್ನುತ್ತಾಳೆ ಉಚ್ಚಂಗಮ್ಮ. "ಕಾಲಲ್ಲಿ ನಡೆಯೋರು, ಸೈಕಲ್ ಹೊಡೆಯೋರು ಹುಟ್ಟಿರೋದೇ ಅಡ್ಡ ಬರೋಕೆ ಅನ್ನೋ ಥರ ಮಾತಾಡ್ತಾರೆ. ಲಾರಿ ಅಡ್ಡ ಬಂತು ಅಂತ ಯಾರಾದ್ರೂ ಹೇಳಿದ್ದು ಕೇಳಿದೀರಾ?"

ಶೆಡ್ಡಿನ ಹೆಂಗಸರನ್ನು ಕಟ್ಟಿಕೊಂಡು ಅವಳು ರಸ್ತೆಯ ಕಚೇರಿಗೆ ಹೋದಳು. ಕೇಳಿದ್ದು ಎರಡೇ. ತಿರುವಿನಲ್ಲಿ ಒಂದು ಹಂಪ್ ಹಾಕಿ, ಟಾರಿನ ಮಗ್ಗುಲಿಗೆ ಮಣ್ಣು ತುಂಬಿಸಿ. ನೋಡೋಣ ಎಂದರು. ಅವರು ನೋಡುವವರೆಗೆ ಸುಮ್ಮನಿರಲಾರದೆ, ಹೆಂಗಸರು ಎಲ್ಲಿ ನಿಂತು ದಾಟಬೇಕೆಂದು ಗುರುತಿಗೆ ಉಚ್ಚಂಗಮ್ಮ ಎಡಬದಿಯಲ್ಲಿ ಒಂದು ಕಲ್ಲು ನೆಟ್ಟಳು. ಮಂಜಿನಲ್ಲೂ ಕಾಣಲೆಂದು ಸುಣ್ಣ ಬಳಿದಳು. ಬರೀ ಬಿಳಿ ಸಾಲದೆನಿಸಿ ಕೆಮ್ಮಣ್ಣಿನ ಪಟ್ಟೆ ಎಳೆದಳು. ಹಳೆಯ ಕೆಂಪು ರವಿಕೆಕಣವೊಂದನ್ನು ಕೋಲಿಗೆ ಕಟ್ಟಿ ಪಕ್ಕಕ್ಕೆ ಚುಚ್ಚಿದಳು.

ರಸ್ತೆಬದಿಯಲ್ಲಿ ಸುಣ್ಣ, ಕೆಮ್ಮಣ್ಣು, ಕೆಂಪು ಬಟ್ಟೆ ಮೂರೂ ಸೇರಿದ ಕಲ್ಲು ಕಂಡರೆ ನಮ್ಮ ಕಡೆಯ ಚಾಲಕರಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಅದು ಚೌಡಮ್ಮ. ಮೊದಲನೆಯ ವಾರದಲ್ಲೇ ಒಂದು ಲಾರಿ ನಿಧಾನಿಸಿ ಕಲ್ಲಿನತ್ತ ನಾಣ್ಯ ಎಸೆದು ಹೋಯಿತು. ಆಮೇಲೆ ನಿಂಬೆಹಣ್ಣು ಬಂತು. ಯಾರೋ ಹಸಿರು ಬಳೆ ಇಟ್ಟರು, ಯಾರೋ ಅರಿಶಿನ ಹಚ್ಚಿದರು. ಹೆಂಗಸರು ನಕ್ಕು ನಕ್ಕು ಸಾಕಾದರು. "ಉಚ್ಚಂಗಕ್ಕ, ನಿನ್ ಕೈಲಿ ದೇವ್ರು ಹುಟ್ಟಿದ್ಲಲ್ಲೇ!"

ನಗು ಒಂದು ಕಡೆ. ಆದರೆ ತಿರುವಿನಲ್ಲಿ ಲಾರಿಗಳು ನಿಜವಾಗಿಯೂ ನಿಧಾನವಾದವು. ಒಂದು ವರ್ಷಕ್ಕೂ ಮಿಕ್ಕಿ ಅಲ್ಲಿ ಯಾರಿಗೂ ತರಚು ಗಾಯವೂ ಆಗಲಿಲ್ಲ. ಉಚ್ಚಂಗಮ್ಮ ಬಾಯಿ ಬಿಡಲಿಲ್ಲ. "ಸುಳ್ಳೇನೂ ಹೇಳ್ಲಿಲ್ಲ. ಕೇಳ್ದೋರಿಗೆ ಸುಮ್ನೆ ನಕ್ಕೆ, ಅಷ್ಟೆ. ಆದ್ರೂ ಅಡುಗೆಮನೇಲಿ ದೀಪ ಹಚ್ಚೋವಾಗ ಕೈ ಒಂದಿಷ್ಟು ತಡೀತಿತ್ತು. ನನ್ನ ಹೆಸ್ರೇ ದೇವ್ರದ್ದು ನೋಡಿ."

ತೊಡಕು ಎರಡು ಕಡೆಯಿಂದ ಬಂತು. ಹಂಪಿನ ವಿಷಯ ಕೇಳಲು ಮತ್ತೆ ಹೋದಾಗ ಕಚೇರಿಯ ಸಾಹೇಬರು ನಕ್ಕರು. "ಅಲ್ಲಿ ಅಮ್ಮನೇ ಗಾಡಿಗಳನ್ನ ನಿಧಾನ ಮಾಡಿಸ್ತಿದಾಳಲ್ಲಮ್ಮಾ. ಇನ್ನು ಹಂಪ್ ಯಾಕೆ?" ಇತ್ತ ತಿರುವಿನ ಹೋಟೆಲಿನ ವೀರಪ್ಪ ಗುಡಿ ಕಟ್ಟಿಸಲು ಹೊರಟ. ಕಲ್ಲಿನ ಸುತ್ತ ಒಂದು ಲೋಡು ಇಟ್ಟಿಗೆ, ಒಂದು ಲೋಡು ಮರಳು ಬಂದು ಬಿತ್ತು. ಬಸ್ಸಿಳಿದವರು ನಿಲ್ಲುತ್ತಿದ್ದ, ಸೈಕಲ್ಲಿನವರು ಸರಿದುಕೊಳ್ಳುತ್ತಿದ್ದ ಮಣ್ಣಿನ ಮಗ್ಗುಲು ಪೂರ್ತಿ ಮುಚ್ಚಿಹೋಯಿತು. ಹೆಂಗಸರು ಟಾರಿನ ಮೇಲೆಯೇ ನಿಲ್ಲಬೇಕಾಯಿತು.

ಶರಾವತಿಯನ್ನು ಮತ್ತೆ ಕೆಲಸಕ್ಕೆ ಕರೆತರುವ ಆಸೆಯಿಂದ ಶುರುವಾದ ಕಲ್ಲು, ಇದ್ದ ದಾರಿಯನ್ನೂ ನುಂಗುತ್ತಿತ್ತು.

ಉಚ್ಚಂಗಮ್ಮ ಹೋಟೆಲಿಗೆ ಹೋಗಿ, ಎಲ್ಲರೆದುರು ಹೇಳಿಬಿಟ್ಟಳು. "ವೀರಪ್ಪಣ್ಣ, ಅದು ಅಮ್ಮ ಅಲ್ಲ. ದಾಟೋರಿಗೆ ಗುರುತಿಗೆ ಅಂತ ನಾನೇ ನೆಟ್ಟ ಕಲ್ಲು. ಗುಡಿ ಕಟ್ಬೇಡಿ."

"ಏನಂದೆ? ದೇವಿನ ಕಲ್ಲು ಅಂತೀಯಾ? ನಾಲಿಗೆ ಬಿದ್ದೋಗುತ್ತೆ, ಹುಷಾರು!"

ಮನೆಯಲ್ಲಿ ಗಂಡ ಮೂರ್ತಪ್ಪನೂ ಕೂಗಾಡಿದ. ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವ ಅವನ ಕಿವಿಗೆ ಸುದ್ದಿ ಆಗಲೇ ತಲುಪಿತ್ತು. "ಲಾರಿಯೋರ ಜೊತೆ ಜಗಳ ಆಯ್ತು, ಆಫೀಸ್ನೋರ ಜೊತೆ ಆಯ್ತು. ಈಗ ದೇವ್ರ ಜೊತೇನಾ ಮಾರಾಯ್ತಿ?" ಎರಡು ದಿನ ಶೆಡ್ಡಿನಲ್ಲಿ ಕೆಲವರು ಅವಳ ಪಕ್ಕ ಊಟಕ್ಕೂ ಕೂರಲಿಲ್ಲ. ಅವಳಿಗೂ ಒಳಗೊಳಗೇ ಭಯವಿತ್ತು. ತಾನು ನಂಬಿದ್ದನ್ನೇ ತಾನು ಅಲ್ಲಗಳೆಯುವ ಭಯ ಗಂಡಸರ ಕೂಗಾಟಕ್ಕಿಂತ ದೊಡ್ಡದು. ಅದನ್ನು ಯಾರ ಮುಂದೆ ಇಳಿಸಿಡಬೇಕೆಂದು ತಿಳಿಯದೆ ಅವಳು ಚೌಡಪ್ಪನ ಬಳಿಗೆ ಹೋದಳು. ಶೆಡ್ಡಿನ ಕಾವಲುಗಾರನಾದ ಆ ಮುದುಕ ತನ್ನ ಹಳ್ಳಿಯಲ್ಲಿ ಚೌಡಮ್ಮನ ಪೂಜೆ ಮಾಡುವ ಮನೆತನದವನು.

"ನೀನು ಸುಣ್ಣ ಬಳಿಯೋದ್ನ ನಾನೇ ನೋಡಿದೀನಲ್ಲಮ್ಮ" ಎಂದ ಚೌಡಪ್ಪ. "ಆದ್ರೆ ಇಷ್ಟು ಜನ ಕೈ ಮುಗಿದ್ಮೇಲೆ ಅದು ಬರೀ ಕಲ್ಲು ಅನ್ನೋಕೆ ನೀನ್ಯಾರು, ನಾನ್ಯಾರು? ಅಮ್ಮ ಹೌದೋ ಅಲ್ವೋ ಅಂತ ಕೇಳೋದು ಬೇಡ. ಎಲ್ಲಿ ಕೂರ್ತೀಯಾ ತಾಯಿ ಅಂತ ಕೇಳೋಣ."

ಮಂಗಳವಾರ ಪೂಜೆಯಾಯಿತು. ಕಲ್ಲಿನ ಎರಡೂ ಭುಜಕ್ಕೆ ದಾಸವಾಳದ ಹೂವಿಟ್ಟು ಚೌಡಪ್ಪ ಕೈ ಮುಗಿದು ಕೇಳಿದ: "ಇಲ್ಲೇ ಇರೋದಾದ್ರೆ ಎಡಕ್ಕೆ ಹೂ ಕೊಡು, ಆಚೆ ಓಣಿಯ ಹೊಂಗೆಮರದ ಬುಡಕ್ಕೆ ಹೋಗೋದಾದ್ರೆ ಬಲಕ್ಕೆ ಕೊಡು." ವೀರಪ್ಪ ಎದುರಿಗೇ ನಿಂತಿದ್ದ. ಬಹಳ ಹೊತ್ತು ಯಾವ ಹೂವೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ಅದಿರಿನ ಲಾರಿಯೊಂದು ಭರ್ರೆಂದು ಹಾದುಹೋಯಿತು. ನೆಲ ನಡುಗಿತು, ಬಲದ ಹೂವು ಬಿತ್ತು.

"ಅದು ಲಾರಿ ಬೀಳ್ಸಿದ್ದು!" ಎಂದ ವೀರಪ್ಪ.

"ಲಾರಿ ಕಳ್ಸಿದ್ದು ಯಾರು?" ಎಂದ ಚೌಡಪ್ಪ.

ಅಲ್ಲಿಗೆ ವಾದ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಅಮ್ಮ ರಸ್ತೆ ದಾಟಿದಳು. ಕೋರು ಹೊರುವ ಹಲಗೆಯನ್ನೇ ತೊಳೆದು ತಂದು ಅದರ ಮೇಲೆ ಕಲ್ಲನ್ನಿಟ್ಟರು. ಒಂದು ತುದಿಗೆ ಉಚ್ಚಂಗಮ್ಮ ಕೈ ಹಾಕಿದಳು. ಇನ್ನೊಂದು ತುದಿಗೆ ಶೆಡ್ಡಿನವರು ಯಾರೋ ಬರುವಷ್ಟರಲ್ಲಿ, ಪೂಜೆಯ ನೆಪದಲ್ಲಿ ಗಂಡನನ್ನು ಒಪ್ಪಿಸಿ ಬಸ್ಸಿನಲ್ಲಿ ಬಂದಿದ್ದ ಶರಾವತಿ ಮುಂದೆ ಬಂದಳು. "ಇದು ನನ್ನ ಜಾಗ, ಸರೀರಿ" ಎಂದಳು. ಮುಂದೆ ಡೊಳ್ಳು, ಹಿಂದೆ ಹೆಂಗಸರು. ಎರಡೂ ಕಡೆ ಲಾರಿ, ಬಸ್ಸು, ಜೀಪುಗಳು ಕಣ್ಣಿಗೆ ಕಾಣುವಷ್ಟು ದೂರ ನಿಂತವು. ಒಂದೇ ಒಂದು ಹಾರ್ನ್ ಕೇಳಲಿಲ್ಲ. ಚಾಲಕರು ಇಳಿದು ಚಪ್ಪಲಿ ಬಿಟ್ಟು ಕೈ ಮುಗಿದರು. ಹಸಿ ಅಚ್ಚು ಹೊತ್ತವರ ಹಾಗೆ ಇಬ್ಬರೂ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು, ಆತುರವಿಲ್ಲದೆ ನಡೆದರು.

"ಆ ರಸ್ತೇಲಿ ನಾನು ನಿಧಾನವಾಗಿ ನಡೆದದ್ದು ಅದೇ ಮೊದಲು" ಎಂದು ಶರಾವತಿ ನೆನೆಯುತ್ತಾಳೆ. ಆಚೆ ಮುಟ್ಟಿದ ಮೇಲೆ ಅವಳು ಕೇಳಿದಳಂತೆ: "ಇವತ್ತು ಅಮ್ಮನ ಜೊತೆ ದಾಟಿದೆ ಉಚ್ಚಂಗಕ್ಕ. ನಾಳೆ ಯಾರ ಜೊತೆ ದಾಟ್ಲಿ?"

"ನನ್ ಜೊತೆ ಬಾ."

ಆಡಿದ ಆ ಮಾತಿಗಾಗಿ ಉಚ್ಚಂಗಮ್ಮ ಬೆಳಗಿನ ಈ ಕೆಲಸ ಹಿಡಿದಿದ್ದಾಳೆ. ಅಮ್ಮ ಓಣಿಯೊಳಗಿನ ಹೊಂಗೆಮರದಡಿ ಕುಳಿತ ಮೇಲೆ ಚಾಲಕರ ಕಣ್ಣಿಗೆ ಬೀಳುವುದಿಲ್ಲ. ಲಾರಿಗಳು ಮೊದಲಿನ ವೇಗಕ್ಕೆ ಮರಳಿವೆ. ಹಾಗೆಂದೇ ಅವಳು ಕಚೇರಿಗೆ ಹೋಗಿ ಹೇಳಿದಳು, "ಅಮ್ಮ ಆ ಕೆಲ್ಸ ಬಿಟ್ಟಳು ಸಾಹೇಬ್ರೆ. ಇನ್ನು ನೀವೇ ಮಾಡ್ಬೇಕು." ನಾಲ್ಕಾರು ಬಾರಿ ಅಲೆದ ಮೇಲೆ ಒಂದು ಬೋರ್ಡು ಬಂತು. 'ನಿಧಾನವಾಗಿ ಚಲಿಸಿ' ಎಂದು ಅದರ ಮೇಲೆ ಬರೆದಿದೆ. ಹಂಪ್ ಇನ್ನೂ ಬಂದಿಲ್ಲ. ಕಳೆದ ಬೇಸಗೆಯಲ್ಲಿ ಎಡಬದಿಯ ಮಗ್ಗುಲಿಗೆ, ಭದ್ರಾವತಿ ಕಡೆಯ ರೈಲ್ವೆ ಗೇಟಿನಿಂದ ತಿರುವಿನವರೆಗೆ ಮಣ್ಣು ತುಂಬಿ ರೋಲರ್ ಹೊಡೆದರು. ಈಗ ಅಲ್ಲಿ ಟಾರಿನಿಂದ ಮಣ್ಣಿಗೆ ಸೈಕಲ್ಲು ತೊಡರದೆ ಇಳಿಯುತ್ತದೆ. ವೀರಪ್ಪನ ಇಟ್ಟಿಗೆ ಹೊಂಗೆಮರದ ಕಟ್ಟೆಗೆ ಹೋಯಿತು. ಅವನ ಸಿಟ್ಟು ಪೂರ್ತಿ ಇಳಿದಿಲ್ಲ. ಆದರೆ ಚಹಾಕ್ಕೆ ಬಾ ಎಂದು ಕರೆಯುತ್ತಾನೆ.

ಮಗ್ಗುಲು ಸರಿಯಾದ ಮೇಲೆ ಗಂಡನೂ ಒಪ್ಪಿದ. ಶರಾವತಿಯ ಸೈಕಲ್ಲು ಅಟ್ಟದಿಂದ ಇಳಿದು ಆರು ತಿಂಗಳಾಯಿತು. ಅದರ ಬೆಲ್ಲಿಗೆ ತುಕ್ಕು ಹಿಡಿದಿದೆ. "ಬಾಯಿದೆಯಲ್ಲ, ಕೂಗ್ತೀನಿ" ಎನ್ನುತ್ತಾಳೆ. ಅವಳ ಹಿಂದೆ ಇನ್ನೂ ನಾಲ್ಕು ಹೆಂಗಸರು ಬಸ್ಸು ಬಿಟ್ಟು ಸೈಕಲ್ ಹಿಡಿದಿದ್ದಾರೆ. ಇಂದು ಅವರೆಲ್ಲ ಸಾಲಾಗಿ ಬಂದು, ಉಚ್ಚಂಗಮ್ಮ ಎತ್ತಿದ ಕೈಯ ಕೆಳಗೇ ತಿರುಗಿ ಓಣಿ ಸೇರುತ್ತಾರೆ.

ಸೈರನ್ ಕೂಗಲು ಇನ್ನೂ ಸ್ವಲ್ಪ ಹೊತ್ತಿದೆ. ಇನ್ನೇನು ಬೇಕು, ಹಂಪ್ ತಾನೇ ಎಂದು ಕೇಳಿದರೆ ಉಚ್ಚಂಗಮ್ಮ ಅಲ್ಲವೆಂದು ತಲೆಯಾಡಿಸುತ್ತಾಳೆ.

"ಹಂಪ್ ಬಂದಾಗ ಬರ್ಲಿ, ಅಲ್ಲೀವರೆಗೆ ನಾನಿದೀನಿ. ಆಚೆ ಮಗ್ಗುಲಿಗೂ ಮಣ್ಣು ಹಾಕ್ಲಿ ಅಂತ ಹೇಳಿ. ಸಂಜೆ ಆ ಬದೀಲಿ ನಮ್ಮ ಶರಾವತಿ ರೈಲ್ವೆ ಗೇಟಿನವರೆಗೂ ಸೈಕಲ್ ತಳ್ಕೊಂಡೇ ಹೋಗ್ತಾಳೆ, ಹತ್ತಲ್ಲ. ಕೆಲ್ಸಕ್ಕೆ ಬರೋಕೆ ದಾರಿ ಮಾಡ್ಕೊಟ್ರು. ಮನೆಗೆ ಹೋಗೋದೂ ನಾವೇ ಅಲ್ವಾ?"