ಎದುರುತ್ತರ ಕೊಡುವ ಕೋಣೆ

ಬೀರಪ್ಪ ತಾಂಡೇಲ ತನ್ನ ಹೊಸ ಕೋಣೆಯ ನಟ್ಟನಡುವೆ ನಿಂತು "ಹೋ...!" ಎಂದು ಕೂಗಿದ್ದೇ ತಡ, ಪಕ್ಕದ ಮನೆಯ ಶಾಂತಾರಾಮ ಮಾಸ್ತರರು ಅರ್ಧ ಗಡ್ಡ ಹೆರೆದ ಮುಖದಲ್ಲೇ ಕೊಡೆ, ಚೀಲ ಹಿಡಿದು ಹೊಳೆದಂಡೆಯ ಧಕ್ಕೆಗೆ ಓಡಿದರು. ತಪ್ಪು ಅವರದಲ್ಲ. ಹೊನ್ನಾವರದಲ್ಲಿ ಎಷ್ಟೋ ವರ್ಷಗಳಿಂದ ಆ ಕೂಗೆಂದರೆ ಶರಾವತಿ ದಾಟಿಸುವ ಲಾಂಚು ಹೊರಟಿತು ಎಂದೇ ಅರ್ಥ. ಬೀರಪ್ಪ ಲಾಂಚಿನ ಕೆಲಸದಿಂದ ನಿವೃತ್ತನಾಗಿದ್ದ. ಅವನ ಗಂಟಲು ಆಗಿರಲಿಲ್ಲ.

"ಲಾಂಚು ಮನೆ ಒಳಗೇ ಬಂತನಾ, ಬೀರಪ್ಪ?" ವಾಪಸು ಬಂದ ಮಾಸ್ತರರು ಸೋಪಿನ ನೊರೆಯೊಳಗಿಂದ ಗುಡುಗಿದರು.

"ಲಾಂಚಲ್ಲ ಮಾಸ್ತರ್ರೆ, ಕೋಣೆ ಅಳೀತಿದ್ದೆ."

ಅಳೆಯಲು ಕಾರಣವಿತ್ತು. ಬೀರಪ್ಪನ ಹೆಂಡತಿ ಮಾದೇವಿ ಗದ್ದೆ ನಟ್ಟಿಯ ಹಾಡಿಗೆ ಹೆಸರಾದವಳು. ಆ ವರ್ಷ, ಅಂದರೆ ಅರವತ್ಮೂರರಲ್ಲಿ, ಧಾರವಾಡದ ರೇಡಿಯೋದವರು ಅವಳನ್ನು ಕರೆಸಿ ಒಂದು ಹಾಡು ಹಿಡಿದಿಟ್ಟುಕೊಂಡಿದ್ದರು. ಬರುವ ಶುಕ್ರವಾರ ಸಂಜೆ ಅದು ಬರುವುದಿತ್ತು. ಅವಳು ಗದ್ದೆಯಲ್ಲಿ, ಇವನು ಹೊಳೆಯಲ್ಲಿ. ಹೀಗೆ ಸಂಸಾರ ನಡೆದು, ಗಂಡ ತನ್ನ ಒಂದು ಹಾಡನ್ನೂ ಪೂರ್ತಿ ಕೇಳಿದವನಲ್ಲ ಎಂಬ ಕೊರಗು ಮಾದೇವಿಗೆ. ಇದೊಂದನ್ನಾದರೂ ಕೂತು ಕೇಳಲಿ ಎಂದು ಅವಳ ಆಸೆ.

ಬೀರಪ್ಪನೂ ತಯಾರೇ. ಬ್ಯಾಟರಿ ರೇಡಿಯೋ ತಂದ. ಆದರೆ ಸಿಮೆಂಟು ನೆಲ, ನುಣ್ಣಗೆ ಸುಣ್ಣ ಬಳಿದ ಗೋಡೆ. ರೇಡಿಯೋ ಒಂದು ಹೇಳಿದರೆ ಗೋಡೆ ನಾಲ್ಕು ಹೇಳುತ್ತಿತ್ತು. ವಾರ್ತೆ ಓದುವವನು ಒಬ್ಬನೋ, ಇಡೀ ಭಜನಾ ಮಂಡಳಿಯೋ ತಿಳಿಯದು. ಬೀರಪ್ಪ ಕಿಟಕಿ ಮುಚ್ಚಿದ, ತೆಗೆದ. ಮರುದನಿ ಮರುದಿನವೂ ಇತ್ತು.

ಮಂಜು ಕವಿದಾಗ ದಡ ಎಷ್ಟು ದೂರವೆಂದು ತಿಳಿಯಲು ಲಾಂಚಿನವರು ಕೂಗು ಹಾಕಿ, ಅದು ತಿರುಗಿ ಬರುವ ತನಕ ಎಣಿಸುತ್ತಿದ್ದರು. ಬೀರಪ್ಪ ಅದೇ ವಿದ್ಯೆಯನ್ನು ಕೋಣೆಯಲ್ಲಿ ನಡೆಸಿದ್ದ. 'ಒಂದು' ಎನ್ನುವ ಮೊದಲೇ ಕೂಗು ವಾಪಸಾಗಿತ್ತು. ಲಾಂಚಿನ ಲೆಕ್ಕದಲ್ಲಿ ಮನೆ ಆಗಲೇ ದಡಕ್ಕೆ ಬಡಿದು ಮುಳುಗಿತ್ತು.

ಮಾಸ್ತರರ ಗಡ್ಡದ ಮೇಲಿನ ಗೌರವಕ್ಕಾಗಿ ಅವನು ಅಳತೆಗೋಲು ಬದಲಿಸಿದ. "ಮಾದೇವೀ!" ಎಂದು ಕೂಗುವುದು, ಬೆನ್ನಿಗೆ ಎಷ್ಟು 'ವೀ' ಬಂದವೆಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಮೊದಲ ದಿನ ನಾಲ್ಕು ವೀ.

"ಎಂತದ್ರಿ?" ಮಾದೇವಿ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ನಿನ್ನ ಕರೆದದ್ದಲ್ಲ. ಅಳತೆ."

ಮಾವಿನಕುರ್ವೆಯಿಂದ ಮಾದೇವಿಯ ಅಣ್ಣ ಜಟ್ಟ ಹಳೇ ಮೀನುಬಲೆ ತಂದುಕೊಟ್ಟ. ಅದನ್ನು ಗೋಡೆಗೆ ತೂಗಿಸಿದರೆ ಮೂರೂವರೆ ವೀ, ಐದು ಬೆಕ್ಕು. ಬಲೆ ಇಳಿಸಿ ಹುಲ್ಲಿನ ಕಟ್ಟು ಒಟ್ಟಿದ. ಎರಡೇ ವೀ! ಆದರೆ ಬೆಳಗಾಗುವುದರೊಳಗೆ ದನವೊಂದು ಕಿಟಕಿಯಿಂದ ತಲೆ ತೂರಿಸಿ ದನಿಯ ಮದ್ದನ್ನೆಲ್ಲ ಮೇಯ್ದಿತ್ತು. ಮತ್ತೆ ನಾಲ್ಕು. ಕಡೆಗೆ ಕಂಬಳಿ, ಚಾಪೆ, ಹೊಟ್ಟು ತುಂಬಿದ ಗೋಣಿಚೀಲ, ಮಾದೇವಿಯ ಎರಡು ಸೀರೆ, ಎಲ್ಲವೂ ಗೋಡೆ ಏರಿದವು.

"ಗೋಡೆಗೆ ಉಡ್ಸಿದ್ರೆ ನಾ ಉಡೂದು ಎಂತ?"

"ಶುಕ್ರವಾರದ ತನಕ ತಡ್ಕೊ ಮಾರಾಯ್ತಿ. ನಿನ್ನ ಹಾಡಿಗೇ ಅಲ್ವಾ ಇದೆಲ್ಲ?"

ಆ ಮಾತಿಗೆ ಮಾದೇವಿ ಕರಗಿ, ಪೆಟ್ಟಿಗೆಯಲ್ಲಿದ್ದ ಮೂರನೆಯ ಸೀರೆಯನ್ನೂ ತೆಗೆದುಕೊಟ್ಟಳು.

ಗುರುವಾರ ಬೀರಪ್ಪ ಕೂಗಿದ. ಒಂದೂ 'ವೀ' ಇಲ್ಲ. ಅಡುಗೆಮನೆಯಲ್ಲಿದ್ದ ಮಾದೇವಿಗೆ ಕೇಳಿಸಲೂ ಇಲ್ಲ. ಬಾಗಿಲ ಮೇಲೆ ದೊಡ್ಡ ಸೊನ್ನೆ ಬರೆದು, "ಆತು! ಆತು!" ಎಂದು ಒಬ್ಬನೇ ಕುಣಿದ.

ಶುಕ್ರವಾರ ಕೇರಿಗೆ ಕೇರಿಯೇ ಬಂದು, ಗೋಣಿಚೀಲಗಳ ನಡುವೆ ಸಿಕ್ಕ ಜಾಗದಲ್ಲಿ ತುರುಕಿಕೊಂಡು ಕೂತಿತು. ಹಾಡು ಶುರುವಾಯಿತು. ಹೊಸಿಲಲ್ಲಿ ಕೂತ ಮಾದೇವಿ ರೇಡಿಯೋ ಕಡೆ ನೋಡಲೇ ಇಲ್ಲ. ಗಂಡನ ಮುಖವನ್ನೇ ನೋಡಿದಳು. ಬೀರಪ್ಪ ಕಣ್ಣು ಮುಚ್ಚಿ, ತಲೆ ಒಂದಿಷ್ಟು ವಾಲಿಸಿ, ಉಸಿರು ಬಿಗಿಹಿಡಿದಿದ್ದ. ಎರಡನೆಯ ಸೊಲ್ಲಿಗೆ ಅವನ ಕಣ್ಣಂಚಿನಲ್ಲಿ ನೀರು. ಮಾದೇವಿಯ ಎದೆಯಿಂದ ಇಷ್ಟು ವರ್ಷದ ಭಾರ ಇಳಿಯಿತು.

ಹಾಡು ಮುಗಿಯಿತು. ಮಾದೇವಿ ಸೆರಗು ತಿರುಚುತ್ತ ಮೆಲ್ಲಗೆ ಕೇಳಿದಳು:

"ಹ್ಯಾಂಗಿತ್ರಿ, ನನ್ನ ಹಾಡು?"

ಬೀರಪ್ಪ ಕಣ್ಣು ಒರೆಸಿಕೊಂಡ.

"ಹಾಡಾ? ಅದ್ಯಾರು ಕೇಳಿದ್ರು ಮಾರಾಯ್ತಿ, ನಾ ಗೋಡೆ ಕೇಳ್ತಾ ಕೂತಿದ್ದೆ."