ಜಮಖಾನ ಹೊದಿಸಿದ ಗೋಡೆ

1981ರ ಯುಗಾದಿಯ ದಿನ ಬೆಳಿಗ್ಗೆ, ಕಂದಿಕೆರೆ ಸಮೀಪದ ನಮ್ಮೂರ ಮನೆಯ ತೊಟ್ಟಿಯಲ್ಲಿ ನಾನು ಹನ್ನೊಂದು ಜನರ ಗುಂಪು ಫೋಟೋ ಒಂದನ್ನು ತೆಗೆದೆ. ನಮ್ಮ ಅಜ್ಜಿಯ ಮುಖ ಕಾಣುವ ಫೋಟೋ ಅದೊಂದೇ.

ಆಗ ನಾನು ತುಮಕೂರಿನಲ್ಲಿ ಪತ್ರಿಕೆಯೊಂದರ ವರದಿಗಾರ. ಹಬ್ಬಕ್ಕೆ ಊರಿಗೆ ಹೊರಟಾಗ ನಮ್ಮ ಫೋಟೋಗ್ರಾಫರ್ ತನ್ನ ಹಳೆಯ ಕ್ಯಾಮೆರಾ ಕೊಟ್ಟು ಒಂದಿಷ್ಟು ಹೇಳಿಕೊಟ್ಟ. ರೀಲಿಗೆ ಹನ್ನೆರಡೇ ಫೋಟೋ, ನೋಡಿಕೊಂಡು ತೆಗೆ. ಒಳಮನೆಯಲ್ಲಿ ಬೇಡ, ಬೆಳಕು ಸಾಲದು. ಬಿಸಿಲು ನೆತ್ತಿಗೆ ಬಂದ ಮೇಲೂ ಬೇಡ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಎಣ್ಣೆಸ್ನಾನ ಮಾಡಿದ ಮುಖ ಹೊಳೆಯುತ್ತದೆ, ಒರೆಸಿಕೊಳ್ಳಲು ಹೇಳು. ಹಿಂದಿನ ಗೋಡೆ ಚೆನ್ನಾಗಿಲ್ಲದಿದ್ದರೆ ಬಟ್ಟೆ ಹೊದಿಸು. ಜನರ ನಡುವೆ ಜಾಗ ಬಿಡಬೇಡ. ಇವನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದನ್ನೂ ಬಿಡದೆ ಪಾಲಿಸಿದೆ.

ನಮ್ಮ ಮನೆಯೊಳಗೆ ಹಗಲಲ್ಲೂ ಮಬ್ಬು. ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ಕಾಯಿ, ಕೆಳಗೆ ಒಲೆಯ ಹೊಗೆ. ಬೆಳಕಿಗೆ ತೊಟ್ಟಿಯೊಂದೇ ಗತಿ. ಆದರೆ ಶಿವರಾತ್ರಿ ಕಳೆದ ವಾರದಲ್ಲಿ ತೊಟ್ಟಿಯ ನಡುವೆ ಒಂದು ಗೋಡೆ ಎದ್ದಿತ್ತು. ಎದೆಮಟ್ಟದ್ದು, ಗಾರೆ ಕಾಣದ ಇಟ್ಟಿಗೆ. ಅದರ ಈಚೆ ಅಪ್ಪನ ಒಲೆ, ಆಚೆ ಚಿಕ್ಕಪ್ಪನ ಒಲೆ. ಭಾಗಪತ್ರ ಆಗಿರಲಿಲ್ಲ. ಅಜ್ಜಿ ಈಚೆ ಹದಿನೈದು ದಿನ, ಆಚೆ ಹದಿನೈದು ದಿನ ಉಣ್ಣುತ್ತಿದ್ದಳು. ಹಬ್ಬದ ದಿನವಾದರೂ ಎಲ್ಲರೂ ಒಟ್ಟಿಗೆ ಕೂರಬೇಕೆಂದು ಹಟ ಹಿಡಿದವಳು ಅವಳೇ. ಸಂಪಿಗೆ ಎಂಬ ಊರಿಗೆ ಮದುವೆ ಮಾಡಿಕೊಟ್ಟಿದ್ದ ಮಗಳನ್ನು, ಅಂದರೆ ನನ್ನ ಅತ್ತೆಯನ್ನು, ಹಬ್ಬಕ್ಕೆ ಕರೆಸಿಕೊಂಡಿದ್ದಳು.

ಮೊದಲು ಅಜ್ಜಿಯದೊಂದು ಬೇರೆಯಾಗಿ ತೆಗೆಯೋಣವೆಂದು ಜಗಲಿಯ ಮೇಲೆ ಕೂರಲು ಹೇಳಿದೆ.

"ನನ್ನೊಬ್ಬಳ್ನೇ ಯಾಕ್ಲಾ? ಪಕ್ಷಕ್ಕೆ ಎಡೆ ಇಡೋಕಾ? ಇನ್ನೂ ಒಬ್ಬಟ್ಟೇ ತಿಂದಿಲ್ಲ ಕಣ್ಲಾ ನಾನು" ಎಂದಳು.

ನಡುಮನೆಯ ಗೋಡೆಯ ಮೇಲೆ ಒಬ್ಬೊಬ್ಬರೇ ಫೋಟೋದಲ್ಲಿದ್ದವರೆಲ್ಲ ತೀರಿಕೊಂಡವರು. ಪಿತೃಪಕ್ಷದಲ್ಲಿ ಎಡೆ ಇಡುತ್ತಿದ್ದುದು ಆ ಫೋಟೋಗಳ ಮುಂದೆ. ಹಾಗಾಗಿ ಅಜ್ಜಿ ಒಂಟಿಯಾಗಿ ಕೂರಲು ಒಪ್ಪಲಿಲ್ಲ. ಬೇರೆಯವರ ಜೊತೆ ಹಿಡಿಯಲು ನೋಡಿದರೆ, ಕ್ಯಾಮೆರಾ ಎತ್ತಿದ ಕೂಡಲೇ ಸೆರಗು ಮುಖಕ್ಕೆ ಬರುತ್ತಿತ್ತು. ಹನ್ನೊಂದು ಫೋಟೋ ಹೀಗೇ ಮುಗಿದವು. ಉಳಿದದ್ದು ಒಂದು. ಅದನ್ನು ಗುಂಪಿಗೆ ಇಟ್ಟುಕೊಂಡೆ.

ಇಟ್ಟಿಗೆ ಗೋಡೆ ನೋಡಲು ಚೆನ್ನಾಗಿರಲಿಲ್ಲ. ಒಳಗಿಂದ ಜಮಖಾನ ತಂದು ಅದರ ಮೇಲೆ ಹೊದಿಸಿದೆ. ಅಜ್ಜಿಯನ್ನು ಮಧ್ಯದ ಬೆಂಚಿನ ಮೇಲೆ ಕೂರಿಸಿದೆ. ಅಪ್ಪ ಬಂದು ಒಂದು ತುದಿಯಲ್ಲಿ ನಿಂತರು, ಚಿಕ್ಕಪ್ಪ ಇನ್ನೊಂದು ತುದಿಯಲ್ಲಿ. ಇಬ್ಬರದೂ ಹೊಸ ಅಂಗಿ, ಅಂಗಡಿಯ ಮಡಿಕೆ ಹಾಗೇ ಇತ್ತು.

ಅತ್ತೆ ನಕ್ಕಳು. "ಏನ್ರೋ, ನಡುವೆ ಎತ್ತಿನಗಾಡಿ ಹೋಗೋಷ್ಟು ಜಾಗ ಬುಟ್ಟಿದ್ದೀರಲ್ಲ! ಅಣ್ಣಯ್ಯ, ನೀನಾದ್ರೂ ಸರ್ಕೋ."

ಇಬ್ಬರೂ ಸರಿಯಲಿಲ್ಲ. ನಾನೇ ಹೋಗಿ ತೋಳು ಹಿಡಿದು ಕರೆತಂದು ಅಜ್ಜಿಯ ಎರಡು ಪಕ್ಕದಲ್ಲಿ ಕೂರಿಸಿದೆ. ಆಗಲೂ ಚಿಕ್ಕಪ್ಪನ ಕೈ ಎಲ್ಲಿಡಬೇಕೆಂದು ತಿಳಿಯದೆ ಜೋತುಬಿದ್ದಿತ್ತು. ಅಜ್ಜಿಯ ಬೆನ್ನ ಹಿಂದಿನಿಂದ ಅದನ್ನು ಅಪ್ಪನ ಹೆಗಲ ಮೇಲೆ ಇಡಿಸಿದೆ.

"ಹಿಂಗೇನ್ಲಾ?" ಎಂದರು ಚಿಕ್ಕಪ್ಪ.

"ಹಂಗೇ ಇರಿ ಚಿಕ್ಕಪ್ಪ, ಅಲ್ಲಾಡಬೇಡಿ."

"ಬ್ಯಾಗ ಮುಗ್ಸಪ್ಪ, ಒಬ್ಬಟ್ಟು ಆರೋಗ್ತವೆ" ಎಂದರು ಅಪ್ಪ.

ಅಜ್ಜಿ ಈ ಪಕ್ಕದ ಮಗನನ್ನು ನೋಡಿದಳು, ಆ ಪಕ್ಕದ ಮಗನನ್ನು ನೋಡಿದಳು. ಸೆರಗು ಹೆಗಲಿಗೆ ಜಾರಿತ್ತು. ನಾನು ಗುಂಡಿ ಒತ್ತಿದೆ.

ಒಂದೇ ಒಂದು ಪ್ರಿಂಟ್ ಹಾಕಿಸಿ ಊರಿಗೆ ತಂದೆ. ಅಜ್ಜಿ ಅದನ್ನು ತೊಟ್ಟಿಯ ಬೆಳಕಿಗೆ ಹಿಡಿದು, "ಯಾರ್ಲಾ ಈ ಮುದುಕಿ?" ಎಂದಳು. ಅಪ್ಪ ಫೋಟೋದ ಹಿಂದೆ ಪೆನ್ನಿನಲ್ಲಿ 'ಯುಗಾದಿ 1981' ಎಂದು ಬರೆದರು. ತುಮಕೂರಿನ ನನ್ನ ಬಾಡಿಗೆ ಕೋಣೆ ಸೋರುತ್ತಿದ್ದುದರಿಂದ ನೆಗೆಟಿವನ್ನೂ ಅಪ್ಪನ ಟ್ರಂಕಿನಲ್ಲೇ ಇಟ್ಟೆ.

"ನಂಗೂ ಒಂದು ಹಾಕ್ಸಿ ಕೊಡು ಕಣಪ್ಪ" ಎಂದು ಅತ್ತೆ ಕೇಳಿದಳು. ಮುಂದಿನ ಸಲ ಬರುವಾಗ ತರುತ್ತೇನೆ ಎಂದೆ. ಎರಡು ವರ್ಷ ಅದನ್ನೇ ಹೇಳಿದೆ.

1983ರಲ್ಲಿ ಅಜ್ಜಿ ತೀರಿಕೊಂಡಳು. ಹನ್ನೊಂದನೆಯ ದಿನ ಅತ್ತೆ ನನ್ನನ್ನು ಹಿತ್ತಲಿಗೆ ಕರೆದಳು. "ಗುಂಪಿನಾಗಿಂದ ಅವ್ವನ ಮುಖ ಅಷ್ಟನ್ನೇ ದೊಡ್ಡದು ಮಾಡ್ತಾರಂತಲ್ಲ, ತಿಪಟೂರಿನ ಸ್ಟುಡಿಯೋದಲ್ಲಿ. ಮಾಡ್ಸಿಕೊಡು. ಅವ್ವ ಹೆಂಗಿದ್ಲು ಅಂತ ಈಗ್ಲೇ ಕಣ್ಣಿಗೆ ಬತ್ತಿಲ್ಲ ಕಣಪ್ಪ." ನೆಗೆಟಿವ್ ಇದ್ದರೆ ಮಾಡುತ್ತಾರೆ ಎಂದೆ. ಕೆಲಸದ ನಡುವೆ ಆರೇಳು ತಿಂಗಳು ಹೋಯಿತು. ನಾನು ನೆಗೆಟಿವ್ ಕೇಳಲು ಊರಿಗೆ ಹೋದಾಗ ಟ್ರಂಕಿನಲ್ಲಿ ಅದಿರಲಿಲ್ಲ.

"ವಕೀಲ್ರಿಗೆ ಕೊಟ್ಟೆ. ಫೋಟೋನೂ ಅದನ್ನೂ ಕೋರ್ಟಿಗೆ ಹಾಕವ್ರೆ" ಎಂದರು ಅಪ್ಪ.

ಆ ಯುಗಾದಿ ಕಳೆದ ಎರಡು ತಿಂಗಳಿಗೆ ಚಿಕ್ಕಪ್ಪ ತಮ್ಮ ಹೆಸರಿನಲ್ಲಿ ಒಂದು ತೆಂಗಿನ ತೋಟ ಕೊಂಡಿದ್ದರು. ಆಗಿನ್ನೂ ಅಣ್ಣತಮ್ಮ ಒಟ್ಟಿಗಿದ್ದೆವು, ಹಾಗಾಗಿ ತೋಟದಲ್ಲಿ ತಮಗೂ ಅರ್ಧ ಬರಬೇಕು ಎಂದು ಅಪ್ಪ ದಾವೆ ಹೂಡಿದ್ದರು. ಶಿವರಾತ್ರಿಗೇ ಬೇರೆಯಾಗಿದ್ದೆವು ಎನ್ನುವುದು ಚಿಕ್ಕಪ್ಪನ ವಾದ. ಒಟ್ಟಿಗಿದ್ದುದಕ್ಕೆ ಅಪ್ಪನ ಕಡೆಯ ದಾಖಲೆ ನನ್ನ ಫೋಟೋ. ಅತ್ತೆಯನ್ನೂ ಮನೆಯ ಹೆಣ್ಣುಮಗಳೆಂದು ದಾವೆಯಲ್ಲಿ ಸೇರಿಸಿದ್ದರು.

ಫೋಟೋ ತೆಗೆದವನೆಂದು ನನಗೆ ಸಾಕ್ಷಿಯ ಸಮನ್ಸ್ ಬಂತು. 1985ರಲ್ಲಿ ಕಟಕಟೆ ಹತ್ತಿದೆ. ಚಿತ್ರ ನಾನೇ ತೆಗೆದದ್ದು, ಹಿಂದಿನ ಬರಹ ಅಪ್ಪನದು ಎಂದು ಹೇಳಿದ ಮೇಲೆ ಚಿಕ್ಕಪ್ಪನ ವಕೀಲರು ಎದ್ದರು.

"ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದ್ದು ಯಾರು?"

"ನಾನು."

"ಹೆಗಲ ಮೇಲೆ ಕೈ ಇಟ್ಟಿದ್ದು?"

"ನಾನೇ ಇಡಿಸಿದೆ."

"ಈ ಜಮಖಾನದ ಹಿಂದೆ ಏನಿತ್ತು ಸ್ವಾಮಿ?"

"ಗೋಡೆ."

"ಯಾಕೆ ಮುಚ್ಚಿದಿರಿ?"

"ಫೋಟೋ ಚೆನ್ನಾಗಿ ಬರಲಿ ಅಂತ."

ಕೋರ್ಟಿನಲ್ಲಿ ಒಬ್ಬಿಬ್ಬರು ನಕ್ಕರು. ಅಪ್ಪ ನನಗಾಗಿ ಕಾಯದೆ ಬಸ್‌ಸ್ಟ್ಯಾಂಡಿಗೆ ಹೋದರು. ಒಂದೇ ಬಸ್ಸಿನಲ್ಲಿ ಊರಿಗೆ ಹೋದೆವು. ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ.

ಅಂದಿನಿಂದ ಆ ಫೋಟೋ ಎರಡೂ ಕಡೆಯವರ ದಾಖಲೆಯಾಯಿತು. ಕೇಸು ಮುಗಿಯುವವರೆಗೆ ವಾಪಸು ಸಿಗುವುದಿಲ್ಲ ಎಂದರು. ನೆಗೆಟಿವನ್ನು ಒಂದು ದಿನದ ಮಟ್ಟಿಗೆ ಕೊಟ್ಟರೆ ಪ್ರಿಂಟ್ ಹಾಕಿಸಿ ತಂದೊಪ್ಪಿಸುತ್ತೇವೆಂದು ಅತ್ತೆಯ ಹೆಸರಿನಲ್ಲಿ ಅರ್ಜಿ ಹಾಕಿಸಿದೆ. ಚಿಕ್ಕಪ್ಪನ ಕಡೆಯಿಂದ ತಕರಾರು ಬಂತು. ಅರ್ಜಿ ವಜಾ ಆಯಿತು.

ಅತ್ತೆಯನ್ನು ಕರೆದುಕೊಂಡು ಚಿಕ್ಕಪ್ಪನ ಮನೆಗೆ ಹೋದೆ. ಅವರು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು.

"ಲೇ, ಅವ್ವನ ಮುಖ ಕಣೋ ನಾನು ಕೇಳ್ತಿರೋದು. ನಿನ್ನ ತೋಟ ಅಲ್ಲ" ಎಂದಳು ಅತ್ತೆ.

"ನಂಗೂ ಬೇಕು ಕಣಕ್ಕ ಅವ್ವನ ಮುಖ. ಆದ್ರೆ ಆ ಫೋಟೋ ಇನ್ನೊಂದು ಆಗೋದು ಬ್ಯಾಡ."

"ಮುಖ ಅಷ್ಟೇ ತೆಗೆಸ್ತೀವಿ ಚಿಕ್ಕಪ್ಪ" ಎಂದೆ ನಾನು.

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. "ನೀನು ಕೂರ್ಸಿದ್ದು ಕಣ್ಲಾ. ನಾನು ಕೂತಿದ್ದಲ್ಲ."

ಕುಡಿಯಲು ಎಳನೀರು ಕೊಟ್ಟರು. ಕುಡಿದು ಎದ್ದು ಬಂದೆವು.

1987ರಲ್ಲಿ ದಾವೆ ಅಪ್ಪನ ವಿರುದ್ಧ ತೀರ್ಮಾನವಾಯಿತು. ಅಪ್ಪ ಅಪೀಲು ಹೋದರು. ಕಡತದ ಜೊತೆ ಫೋಟೋ, ನೆಗೆಟಿವ್ ಎರಡೂ ಮೇಲಿನ ಕೋರ್ಟಿಗೆ ಹೋದವು. ಪಿತೃಪಕ್ಷದಲ್ಲಿ ಅಪ್ಪನ ಮನೆಯಲ್ಲೂ ಚಿಕ್ಕಪ್ಪನ ಮನೆಯಲ್ಲೂ ಅಜ್ಜಿಗೆ ಎಡೆ ಇಡುವುದು ಮಡಿಸಿದ ಸೀರೆಯ ಮುಂದೆ.

ದಾವೆಯಲ್ಲಿ ಹೆಸರಿರುವವರು ಅರ್ಜಿ ಕೊಟ್ಟು ಕಡತ ನೋಡಬಹುದು ಎಂದು ವಕೀಲರೊಬ್ಬರು ಹೇಳಿದರು. ಅತ್ತೆಗೆ ಓದು ಬಾರದು. ನಾನು ಅರ್ಜಿ ಬರೆದುಕೊಟ್ಟೆ, ಅವಳು ಹೆಬ್ಬೆಟ್ಟು ಒತ್ತಿದಳು. ಗುಮಾಸ್ತರು ಕಡತ ಬಿಚ್ಚಿ ಫೋಟೋ ಇದ್ದ ಹಾಳೆಯನ್ನು ಮೇಜಿನ ಮೇಲಿಟ್ಟರು.

"ಏನು ನೋಡಬೇಕಮ್ಮ?"

"ನೋಡ್ತಾ ಇವ್ನಿ ಬುಡಪ್ಪ" ಎಂದಳು ಅತ್ತೆ.

ಈಗ 1989, ಅಪೀಲು ಇನ್ನೂ ಮುಗಿದಿಲ್ಲ. ಈ ವರ್ಷ ಅತ್ತೆ ಸಂಪಿಗೆಯಿಂದ ಎರಡು ಸಲ ಬಸ್ಸಿನಲ್ಲಿ ಹೋಗಿ ಕಡತ ನೋಡಿ ಬಂದಿದ್ದಾಳೆ. ಮೂರನೆಯ ಅರ್ಜಿಗೆ ಕಳೆದ ಸೋಮವಾರ ಹೆಬ್ಬೆಟ್ಟು ಒತ್ತಿದ್ದಾಳೆ.