ಸುವರ್ಣಳ ರಕ್ತ ಹೇಳಿದ್ದು

ಶರಣು, ನಿನ್ನ ಅಕ್ಕ ಸುವರ್ಣಳಿಗೆ ಆಗಬೇಕಿದ್ದ ಅಸ್ಥಿಮಜ್ಜೆಯ ಕಸಿಯನ್ನು ತಪ್ಪಿಸಿದವಳು ನಾನು. ನೀನಲ್ಲ. ನನ್ನ ಔಷಧ ಅವಳ ರಕ್ತದಲ್ಲಿ ಕೆಲಸ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು — ಗೊತ್ತಿದ್ದೂ ನಿಮ್ಮೆಲ್ಲರನ್ನು ಕಾಯಿಸಿದೆ.

ಅವಳ ಕಾಯಿಲೆಯ ಹೆಸರು ನಿನಗೆ ಗೊತ್ತು, ಥಲಸೀಮಿಯಾ. ಮಣ್ಣೂರಿನಿಂದ ಅಫಜಲಪುರ, ಅಲ್ಲಿಂದ ಕಲಬುರಗಿ — ತಿಂಗಳು ತಿಂಗಳೂ ನಿಮ್ಮವ್ವ ಅವಳನ್ನು ಬಸ್ಸಿನಲ್ಲಿ ಕರೆದೊಯ್ದು, ಬೇರೆಯವರ ರಕ್ತ ಹಾಕಿಸಿಕೊಂಡು ಬರುತ್ತಿದ್ದಳು. ನಾನಾಗ ಹೈದರಾಬಾದಿನಲ್ಲಿ ಸಂಶೋಧನೆಗೆ ಸೇರಿದ್ದೆ. ನೆಲೋಗಿಯ ನಮ್ಮ ಮನೆಯಿಂದ ಅಷ್ಟು ಓದಿದವಳು ನಾನೊಬ್ಬಳೇ. ಹಾಗಾಗಿ ನಿಮ್ಮವ್ವನಿಗೆ, ಅಂದರೆ ನನ್ನ ಒಡಹುಟ್ಟಿದ ಅಕ್ಕನಿಗೆ, ಡಾಕ್ಟರ ಮಾತಿಗಿಂತ ನನ್ನ ಮಾತೇ ಹೆಚ್ಚು.

ನಾನು ಏನು ಹುಡುಕುತ್ತಿದ್ದೆ ಎಂಬುದನ್ನು ನಿನಗೆ ಯಾವತ್ತೂ ಸರಿಯಾಗಿ ಹೇಳಲಿಲ್ಲ. ಪ್ರತಿ ಜೀವಕೋಶದೊಳಗೂ ಸಾವಿರಾರು ಜೀನುಗಳಿರುತ್ತವೆ. ಯಾವುದರ ನಕಲು ತೆಗೆದು ಬಳಸಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದು ಆ ಕೋಶದ ತೀರ್ಮಾನ. ಬ್ಯಾಕ್ಟೀರಿಯಾದ ಲೆಕ್ಕ ಸರಳ — ತಿನ್ನಲು ಹಾಲಿನ ಸಕ್ಕರೆಯೊಂದೇ ಸಿಕ್ಕಾಗ ಅದನ್ನು ಅರಗಿಸುವ ಜೀನುಗಳು ತೆರೆದುಕೊಳ್ಳುತ್ತವೆ. ಮನುಷ್ಯರದ್ದು ಹಾಗಲ್ಲ. ತಾಯಿಯ ಹೊಟ್ಟೆಯಲ್ಲಿರುವಾಗ ರಕ್ತಕ್ಕೆ ಒಂದು ಜೀನು, ಹುಟ್ಟಿದ ಮೇಲೆ ಇನ್ನೊಂದು. ಕೂಸು ಹುಟ್ಟಿದ ಕೆಲವು ತಿಂಗಳಲ್ಲಿ ಮೊದಲಿನದನ್ನು ಕೆಲವು ಪ್ರೋಟೀನುಗಳು ಹಿಡಿದು ಮುಚ್ಚಿಬಿಡುತ್ತವೆ. ಸುವರ್ಣಳಲ್ಲಿ ಎರಡನೆಯದು ಕೆಟ್ಟಿತ್ತು. ಮೊದಲನೆಯದಕ್ಕೆ ಏನೂ ಆಗಿರಲಿಲ್ಲ, ಮುಚ್ಚಿತ್ತು ಅಷ್ಟೇ. ಅದನ್ನು ಮತ್ತೆ ತೆರೆಯುವ ಔಷಧ ನನಗೆ ಸಿಕ್ಕಿತ್ತು — ಇಲಿಗಳಲ್ಲಿ. ಮನುಷ್ಯರ ಆ ಜೀನನ್ನೇ ಹೊತ್ತು ಹುಟ್ಟಿದ ಇಲಿಗಳು. ಫಲಿತಾಂಶ ಬಂದ ದಿನ ನಾನು ಅಕ್ಕನಿಗೆ ಫೋನ್ ಮಾಡಿ ಅತ್ತೆ. ಅವಳೂ ಅತ್ತಳು.

ಆಮೇಲೆ ಅಕ್ಕನನ್ನು ಕೇಳಿಯೇ ಸುವರ್ಣಳ ರಕ್ತ ತರಿಸಿಕೊಂಡೆ. ಅದರ ಕೋಶಗಳನ್ನು ಬೆಳೆಸಿ, ಅದೇ ಔಷಧ ಹಾಕಿ ನೋಡಿದೆ. ಏನೂ ತೆರೆಯಲಿಲ್ಲ. ಮತ್ತೆ ಮಾಡಿದೆ, ಮತ್ತೂ ಮಾಡಿದೆ. ಜೀನು ಮನುಷ್ಯರದೇ ಆದರೂ ಇಲಿಯ ಮೈಯಲ್ಲಿ ಅದು ಇಲಿಯ ಕಟ್ಟಳೆಗೆ ತಕ್ಕಂತೆ ತೆರೆದು ಮುಚ್ಚುತ್ತದೆ — ನನ್ನ ಔಷಧ ಸಡಿಲಿಸಿದ್ದು ಆ ಕಟ್ಟಳೆಯನ್ನು, ಸುವರ್ಣಳದ್ದನ್ನಲ್ಲ. ಈ ಪರೀಕ್ಷೆ ನನ್ನ ಪ್ರಬಂಧದ ಭಾಗವಾಗಿರಲಿಲ್ಲ. ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಕ್ಕನಿಗಾದರೂ ಹೇಳೋಣ ಎಂದೇ ಮಣ್ಣೂರಿಗೆ ಬಂದೆ. ಬಂದರೆ ಮನೆಯಲ್ಲಿ ಚೀಲ ಕಟ್ಟುತ್ತಿದ್ದರು. ನಿನ್ನ ಮಜ್ಜೆ ಅವಳಿಗೆ ಪೂರ್ತಿ ಹೊಂದುತ್ತದೆ, ಅವಳ ಯಕೃತ್ತು ಇನ್ನೂ ಕೆಟ್ಟು ಗಡುಸಾಗಿಲ್ಲ, ಕಸಿ ಈಗಲೇ ಮಾಡಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಆಸ್ಪತ್ರೆಗೆ ಹೋಗಲು ಎಲ್ಲ ತಯಾರಾಗಿತ್ತು. ನೀನೊಬ್ಬ ಸೂಜಿಗೆ ಹೆದರಿ ತೊಗರಿ ಹೊಲದಲ್ಲಿ ಅಡಗಿದ್ದೆ. ನಿಮ್ಮಪ್ಪ ರಟ್ಟೆ ಹಿಡಿದು ಎಳೆದು ತಂದಾಗ ಅಂಗಳದಲ್ಲಿ ಬಿದ್ದು ಹೊರಳಾಡಿದೆ. ಎಲ್ಲ ಮಕ್ಕಳೂ ಹಾಗೇ ಅಳುತ್ತಾರೆ, ಶರಣು. ಸಂಜೆಯ ಹೊತ್ತಿಗೆ ನೀನೂ ಸಮಾಧಾನಗೊಳ್ಳುತ್ತಿದ್ದೆ.

ಆಗ ನಾನು ಬಾಯಿ ತೆರೆದೆ.

"ಬಿಡ್ರಿ ಮಾಮಾ, ಹುಡುಗನ್ನ ಹೆದರಸಬ್ಯಾಡ್ರಿ. ನನ್ನ ಔಷಧ ಬರ್ತದ. ಇನ್ನೊಂದಿಷ್ಟು ದಿನ ತಡೀರಿ."

ನಿಮ್ಮಪ್ಪ ನನ್ನ ಮುಖವನ್ನೇ ನೋಡಿ, "ಖರೇನ?" ಅಂದರು.

"ಖರೇನ್ರಿ," ಅಂದೆ.

ಯಾಕೆ ಅಂದೆ — ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಸೋತೆ ಎಂದು ಅಕ್ಕನ ಮುಂದೆ ಹೇಳಲಾಗಲಿಲ್ಲವೇ? ಮನೆತನಕ್ಕೊಬ್ಬಳೇ ಓದಿದವಳು ಎಂಬ ಸೊಕ್ಕೇ? ಬೇರೊಬ್ಬರ ಕೈಯಿಂದ ಅವಳು ಗುಣವಾಗುವುದು ನನಗೆ — ಇಲ್ಲ, ಈ ಮಾತನ್ನು ಪೂರ್ತಿ ಮಾಡುವ ಧೈರ್ಯ ಇಂದಿಗೂ ಇಲ್ಲ. ಔಷಧ ಫಲಿಸಿದ್ದರೂ ಇಲಿಯಿಂದ ಮನುಷ್ಯನಿಗೆ ಬರಲು ಎಷ್ಟೋ ವರ್ಷ ಬೇಕು. ಅದೂ ನನಗೆ ಗೊತ್ತಿತ್ತು.

ಚೀಲ ಬಿಚ್ಚಿದರು. ಆಮೇಲೆ ಅಕ್ಕ ಫೋನಿನಲ್ಲಿ ಕೇಳಿದಾಗಲೆಲ್ಲ "ಆಗಾಕತ್ತದ ಅಕ್ಕಾ" ಅನ್ನುತ್ತಿದ್ದೆ. ಹಾಕಿಸಿದ ರಕ್ತದ ಕಬ್ಬಿಣವೆಲ್ಲ ಸುವರ್ಣಳ ಯಕೃತ್ತಿನಲ್ಲಿ, ಹೃದಯದಲ್ಲಿ ಕೂಡುತ್ತ ಹೋಯಿತು. ಅದನ್ನು ಹೊರಹಾಕುವ ಗುಳಿಗೆಗಳೂ ಸಾಲಲಿಲ್ಲ. ಕೊನೆಗೆ ಹೋದಾಗ ಡಾಕ್ಟರು, ಈಗ ಕಸಿ ಮಾಡಿದರೆ ಉಳಿಯುವುದು ಕಷ್ಟ ಎಂದು ತಲೆ ಅಲ್ಲಾಡಿಸಿದರು. ಅವಳು ಹೈಸ್ಕೂಲು ಮುಗಿಸಲಿಲ್ಲ.

ಮಣ್ಣು ಕೊಟ್ಟು ಬಂದ ದಿನ ಪಡಸಾಲೆಯಲ್ಲಿ ಯಾರೋ, ಅವತ್ತು ಈ ಹುಡುಗ ಅಳದೇ ಹೋಗಿದ್ದರೆ ಅವಳು ಬದುಕುತ್ತಿದ್ದಳು ಅಂದರು. ನೀನು ಗೋಡೆಗೆ ಆನಿಕೊಂಡು ಕೂತಿದ್ದೆ. ನಾನು ನಿನ್ನ ಪಕ್ಕದಲ್ಲೇ ಇದ್ದೆ. ನೀನು ತಲೆ ತಗ್ಗಿಸಿದ್ದು ಕಂಡಿತು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಅಷ್ಟೇ.

ಈಗ ನಾನು ಆಳಂದದ ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತೇನೆ. ನೀನು ಜೇವರ್ಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದೀಯ. ಹೋದ ತಿಂಗಳು ಹೆಂಡತಿಯನ್ನು ಕರೆದುಕೊಂಡು, ಅವಳ ರಕ್ತಪರೀಕ್ಷೆಯ ವರದಿ ತೋರಿಸಲು ನೀನು ನನ್ನ ಮನೆಗೆ ಬಂದೆ. ಅವಳಲ್ಲಿ ಆ ದೋಷ ಇಲ್ಲ, ಹುಟ್ಟುವ ಮಗುವಿಗೆ ಈ ಕಾಯಿಲೆಯ ಭಯವಿಲ್ಲ ಎಂದು ನಾನು ಹೇಳಿದೆ. ಅವಳ ಮುಖ ಅರಳಿತು. ನೀನು ಮಾತ್ರ ನನ್ನನ್ನು ಹೊರಗೆ ಕರೆದು ಹೇಳಿದೆ:

"ಅಂಜಿಕಿ ರಕ್ತದ್ದಲ್ಲ ಚಿಗವ್ವ. ಅವತ್ತು ನಾ ಅಳದಿದ್ರ ಅಕ್ಕ ಉಳೀತಿದ್ಲು. ನನ್ನಂಥವಗ ಕೂಸು ಯಾಕ?"

ಆಗಲೂ — ಆಗಲೂ ನಾನು, ಚಹಾ ಆರುತ್ತದೆ, ಒಳಗೆ ಬಾ ಅಂದೆ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡಬೇಕಾದ ಭಾರವೂ ನಿನ್ನ ಮೇಲೇ ಬೀಳುತ್ತದೆ. ನೀನು ಇದನ್ನು ಓದುವ ಹೊತ್ತಿಗೆ ನಾನು ಮಣ್ಣೂರಿಗೆ ಹೊರಟಿರುತ್ತೇನೆ. ಅಕ್ಕ ಯಾವತ್ತಿನಂತೆ ಕೈಕಾಲಿಗೆ ನೀರು ಕೊಟ್ಟು, ಊಟಕ್ಕೆ ಏಳು ಅನ್ನುತ್ತಾಳೆ. ಅದಕ್ಕೂ ಮುಂಚೆ, ಅಂಗಳದಲ್ಲೇ ನಿಂತು, ಅವಳಿಗೆ ಎಲ್ಲವನ್ನೂ ಹೇಳುತ್ತೇನೆ. ಆಮೇಲೆ ಆ ಮನೆಯಲ್ಲಿ ನನಗೆ ಜಾಗ ಇರುವುದಿಲ್ಲ. ಇರಬಾರದು.